ಸುಟ್ಟ ಮೈಗೆ ಚರ್ಮದ ಕಸಿ

ಮಾವಿನ ಕಸಿಯನ್ನು ನಮ್ಮ ಮುಟ್ಟಳ್ಳಿಯ ಕಡೆಯಲ್ಲಿ ಅರಿಯದವರು ವಿರಳ. ಒಂದು ಮರದ ಕುಡಿಯನ್ನು ಮತ್ತೊಂದು ಗಿಡಕ್ಕೆ ಕಟ್ಟಿದರೆ ಆ ಗಿಡವು ಅದನ್ನು ತನ್ನದೆಂದೇ ಒಪ್ಪಿಕೊಳ್ಳುವುದು. ಬೆಂಕಿಯಿಂದ ಬಹಳವಾಗಿ ಸುಟ್ಟ ಮನುಷ್ಯ ದೇಹಕ್ಕೂ ವೈದ್ಯರು ಚರ್ಮದ ಕಸಿ ಮಾಡುವರು. ಆದರೆ ನಮ್ಮ ದೇಹವು ಮಾವಿನ ಗಿಡದಷ್ಟು ಉದಾರವಾದುದಲ್ಲ. ಈ ಭೇದವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ತಿಳಿದಿರಬೇಕೆಂದು ಬಯಸುತ್ತೇವೆ.

ಚರ್ಮಕ್ಕೆ ಎರಡು ಪದರಗಳುಂಟು. ಮೇಲಿನದು ಮಾತ್ರ ಸುಟ್ಟರೆ ತಾನಾಗಿ ಮಾಯುವುದು. ಒಳಪದರವೂ ಪೂರಾ ಸುಟ್ಟುಹೋದಲ್ಲಿ ಹೊಸ ಚರ್ಮಕ್ಕೆ ಬೀಜವೇ ಉಳಿಯುವುದಿಲ್ಲ. ಗಾಯವು ಅಂಚಿನಿಂದ ಮಾತ್ರ ಮುಚ್ಚುತ್ತ, ಬಿಗಿದು, ಗದ್ದವನ್ನು ಎದೆಗೂ ಬೆರಳುಗಳನ್ನು ಅಂಗೈಗೂ ಎಳೆದು ನಿಲ್ಲಿಸುವುದು. ತೆರೆದ ಗಾಯದಿಂದ ಮೈಯ ನೀರು ಸೋರುವುದು, ರೋಗಕ್ರಿಮಿಗಳು ಒಳಹೊಗುವುವು. ಆದಕಾರಣ ಶಸ್ತ್ರವೈದ್ಯರು ಸತ್ತ ಚರ್ಮವನ್ನು ಬೇಗನೆ ತೆಗೆದು, ರೋಗಿಯ ತೊಡೆಯಿಂದಲೇ ಕಾಗದದಷ್ಟು ತೆಳುವಾದ ಚರ್ಮವನ್ನು ಎತ್ತಿ ಅಲ್ಲಿ ಹಾಸುವರು. ಎತ್ತಿದ ಸ್ಥಳವು ಸುಮಾರು ಎರಡು ವಾರಗಳಲ್ಲಿ ಮಾಯುವುದು. ಹಾಸಿದ ತುಂಡಿನೊಳಗೆ ಐದಾರು ದಿನಗಳಲ್ಲಿ ರಕ್ತನಾಳಗಳು ಹೊಕ್ಕು ಅದು ಹತ್ತಿಕೊಳ್ಳುವುದು. ಅಷ್ಟು ದಿನ ಅದು ಅಲುಗಕೂಡದು.

1869ರಲ್ಲಿ ಪ್ಯಾರಿಸಿನಲ್ಲಿ ರೆವೆರ್ದ್ಯಾಂ ಎಂಬ ತರುಣ ವೈದ್ಯನು ಚರ್ಮದ ಸಣ್ಣ ಚೂರುಗಳನ್ನು ಸಸಿ ನೆಟ್ಟಂತೆ ಗಾಯದ ಮೇಲಿಟ್ಟು ಬೆಳೆಯಿಸಿದನು. 1964ರಲ್ಲಿ, ಯಂತ್ರದಿಂದ ಚರ್ಮದ ತುಂಡಿಗೆ ಸೀಳುಗಳನ್ನು ಕೊಯ್ದು ಮೀನಿನ ಬಲೆಯಂತೆ ಹಿಗ್ಗಿಸುವ ಉಪಾಯವು ಬಂದಿತು. ಇದರಿಂದ ಮೂರು ಪಾಲು ಗಾಯವನ್ನು ಒಂದು ಪಾಲು ಚರ್ಮದಿಂದ ಮುಚ್ಚಬಹುದು.

ಮೈಯ ಅರ್ಧಕ್ಕಿಂತ ಹೆಚ್ಚು ಸುಟ್ಟವಳಿಗೆ ಆ ಒಂದು ಪಾಲಾದರೂ ಎಲ್ಲಿಂದ ಬರಬೇಕು? ತನ್ನ ಚರ್ಮವನ್ನೇ ಕೊಡುವೆನೆಂದು ತಾಯಿಯು ಮುಂದೆ ಬರಬಹುದು. ಆದರೆ ಗಿಬ್ಸನ್ ಮತ್ತು ಮೆಡವಾರ್ ಎಂಬ ಪಂಡಿತರು 1943ರಲ್ಲಿ ತೋರಿಸಿದಂತೆ, ಪರರ ಚರ್ಮವನ್ನು ದೇಹವು ಕೆಲವು ವಾರಗಳೊಳಗೆ ತಳ್ಳಿಬಿಡುವುದು. ಎರಡನೆಯ ಸಲ ಇಟ್ಟರೆ ಇನ್ನೂ ಬೇಗನೆ. ಹಾಗಿದ್ದರೂ ಆ ಕೆಲವು ವಾರಗಳೇ ಪ್ರಾಣವನ್ನುಳಿಸಬಲ್ಲವು. ಗಾಯವು ಪರರ ಚರ್ಮದಿಂದ ಮುಚ್ಚಿರುವಾಗ, ರೋಗಿಯ ತೊಡೆಯು ಮಾಯ್ದು ಮತ್ತೊಮ್ಮೆ ಚರ್ಮ ಎತ್ತುವುದಕ್ಕೆ ಒದಗುವುದು.

ಇದಕ್ಕಾಗಿಯೇ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮದ ಬ್ಯಾಂಕು ತೆರೆಯಲ್ಪಟ್ಟಿತು. ಮೃತರ ತೊಡೆ, ಕಾಲು, ಬೆನ್ನುಗಳಿಂದ ತೆಳುವಾದ ಮೇಲ್ಪದರವನ್ನು ಎತ್ತಿ ಗ್ಲಿಸರಿನ್‌ನಲ್ಲಿ ಕಾಪಾಡಿದರೆ ಅದು ವರ್ಷಗಟ್ಟಲೆ ಕೆಡದು. ರಕ್ತದ ಗುಂಪು ಹೊಂದಬೇಕೆಂದಿಲ್ಲ. ಮುಖವನ್ನು ಮುಟ್ಟುವುದಿಲ್ಲ. ಕಣ್ಣು ಕೊಡಲು ಒಪ್ಪುವ ಮನೆಯವರೂ ಚರ್ಮವೆಂದೊಡನೆ ಹಿಂಜರಿಯುವುದು ದೇಹವು ವಿಕಾರವಾದೀತೆಂಬ ಅಂಜಿಕೆಯಿಂದಲೇ ಎಂದು ನಾವೆಣಿಸುತ್ತೇವೆ. ಮರಣವಾದ ಆರು ತಾಸುಗಳೊಳಗೆ ಈ ಕೆಲಸವಾಗಬೇಕು. ಬೆಂಗಳೂರಿಂದ ಮುಟ್ಟಳ್ಳಿಯು ಅಷ್ಟರಲ್ಲಿ ಮುಟ್ಟುವ ದಾರಿಯಲ್ಲ. ಆದುದರಿಂದ ಆ ನಗರದಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮನೆಯವರೊಡನೆ ಈ ಮಾತನ್ನೆತ್ತಿ, ಬ್ಯಾಂಕಿನ ದೂರವಾಣಿಯ ಸಂಖ್ಯೆಯನ್ನು ಕೇಳಿ ಬರೆದಿಡಲಿ.