ಕೀಟೋಜೆನಿಕ್ ಆಹಾರಕ್ರಮದಲ್ಲಿ ಮೊಸರು

ಕೀಟೋಜೆನಿಕ್ ಆಹಾರಕ್ರಮದಲ್ಲಿ ಮೊಸರು ಎಂಬುದು ಔಷಧಗಳಿಗೆ ಬಗ್ಗದ ಅಪಸ್ಮಾರ (ಮೂರ್ಛೆರೋಗ) ಇರುವ ಮಕ್ಕಳಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ನೀಡುವ ಅಧಿಕ ಕೊಬ್ಬಿನ ಆಹಾರದಲ್ಲಿ ಮೊಸರನ್ನು ಅಳವಡಿಸುವ ವಿಧಾನವನ್ನು ಕುರಿತದ್ದು. ಸಾಧಾರಣ ಮೊಸರಿನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಗಣನೀಯ ಪ್ರಮಾಣದಲ್ಲಿ ಉಳಿದಿರುವುದರಿಂದ ಅದನ್ನು ಈ ಆಹಾರಕ್ರಮದಲ್ಲಿ ಅಳತೆಯಿಲ್ಲದೆ ಬಳಸುವಂತಿಲ್ಲ. ಮೊಸರನ್ನು ಹೆಚ್ಚು ಹೊತ್ತು ಹುಳಿಯಲು ಬಿಡುವುದು, ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯುವುದು, ಕೆನೆಯಿಂದಲೇ ಮೊಸರು ಮಾಡುವುದು ಮುಂತಾದ ಕ್ರಮಗಳಿಂದ ಲ್ಯಾಕ್ಟೋಸಿನ ಪಾಲನ್ನು ತಗ್ಗಿಸಬಹುದು. ಮೊಸರು, ಮಜ್ಜಿಗೆಗಳು ನಿತ್ಯದ ಊಟದ ಭಾಗವಾಗಿರುವ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಂತಹ ಪ್ರದೇಶಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

## ಹಿನ್ನೆಲೆ

ಉಪವಾಸದಿಂದ ಸೆಳವುಗಳು ಕಡಿಮೆಯಾಗುತ್ತವೆ ಎಂಬ ಅರಿವು ಪ್ರಾಚೀನವಾದುದು. ಉಪವಾಸದ ವೇಳೆ ದೇಹವು ಕೊಬ್ಬನ್ನು ಕರಗಿಸಿ ಕೀಟೋನ್‌ಗಳೆಂಬ ಸಂಯುಕ್ತಗಳನ್ನು ಉತ್ಪಾದಿಸುತ್ತದೆ. ಗ್ಲೂಕೋಸಿನ ಬದಲಿಗೆ ಮೆದುಳು ಇವನ್ನು ಇಂಧನವಾಗಿ ಬಳಸುತ್ತದೆ. ಉಪವಾಸವಿಲ್ಲದೆ ಆಹಾರದ ಮೂಲಕವೇ ಈ ಸ್ಥಿತಿಯನ್ನು ಉಂಟುಮಾಡಬಹುದೆಂದು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಸೂಚಿಸಿದರು. ಕೀಟೋಜೆನಿಕ್ ಆಹಾರಕ್ರಮ ಎಂಬ ಹೆಸರೂ ಅವರದೇ. 1938ರಲ್ಲಿ ಫೆನಿಟಾಯಿನ್ ಔಷಧವು ಬಳಕೆಗೆ ಬಂದ ಬಳಿಕ ಈ ಪದ್ಧತಿ ಹಿಂದೆ ಸರಿಯಿತು. 1990ರ ದಶಕದಲ್ಲಿ ಅದರ ಬಗ್ಗೆ ಮತ್ತೆ ಆಸಕ್ತಿ ಮೂಡಿತು.

2008ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ತಂಡವು 145 ಮಕ್ಕಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ಮೂರು ತಿಂಗಳ ಅನಂತರ ಆಹಾರಕ್ರಮದಲ್ಲಿದ್ದ ಮಕ್ಕಳಲ್ಲಿ 38% ಮಂದಿಗೆ ಸೆಳವುಗಳು ಅರ್ಧಕ್ಕಿಂತ ಹೆಚ್ಚು ತಗ್ಗಿದ್ದವು. ಹೋಲಿಕೆಯ ಗುಂಪಿನಲ್ಲಿ ಈ ಪ್ರಮಾಣ 6% ಇತ್ತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಇದರ ಸಡಿಲ ರೂಪವಾದ ಪರಿಷ್ಕೃತ ಆಟ್ಕಿನ್ಸ್ ಆಹಾರಕ್ರಮದ ಮೇಲೆ 102 ಮಕ್ಕಳ ಅಧ್ಯಯನ ನಡೆದು, 2013ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಆಹಾರಕ್ರಮದ ಗುಂಪಿನಲ್ಲಿ ಸೆಳವುಗಳು ಸ್ಪಷ್ಟವಾಗಿ ತಗ್ಗಿದವು.

ಸರಿಯಾಗಿ ಆಯ್ದ ಎರಡು ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ ನೀಡಿದರೂ ಸೆಳವು ನಿಲ್ಲದಿದ್ದರೆ ಅದನ್ನು ಔಷಧನಿರೋಧಕ ಅಪಸ್ಮಾರ ಎನ್ನಲಾಗುತ್ತದೆ. ಅಪಸ್ಮಾರವಿರುವವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಈ ವರ್ಗಕ್ಕೆ ಸೇರುತ್ತಾರೆ. ಕೀಟೋಜೆನಿಕ್ ಆಹಾರಕ್ರಮವನ್ನು ಮುಖ್ಯವಾಗಿ ಇಂತಹ ಮಕ್ಕಳಿಗೆ ಸೂಚಿಸಲಾಗುತ್ತದೆ.

## ಅನುಪಾತದ ಲೆಕ್ಕ

ಸಾಂಪ್ರದಾಯಿಕ ಕೀಟೋಜೆನಿಕ್ ಆಹಾರಕ್ರಮವನ್ನು ಅನುಪಾತದಲ್ಲಿ ಹೇಳುವುದು ವಾಡಿಕೆ. 4:1 ಅನುಪಾತವೆಂದರೆ ಪ್ರತಿ 4 ಗ್ರಾಂ ಕೊಬ್ಬಿಗೆ ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ (ಶರ್ಕರಪಿಷ್ಟ) ಎರಡೂ ಸೇರಿ 1 ಗ್ರಾಂ ಮಾತ್ರ. ಕೊಬ್ಬಿನ ಪ್ರತಿ ಗ್ರಾಮಿಗೆ 9 ಕಿಲೋಕ್ಯಾಲೊರಿ, ಉಳಿದೆರಡರ ಪ್ರತಿ ಗ್ರಾಮಿಗೆ 4 ಕಿಲೋಕ್ಯಾಲೊರಿ ದೊರೆಯುವುದರಿಂದ, ಈ ಅನುಪಾತದಲ್ಲಿ ಒಟ್ಟು ಶಕ್ತಿಯ 90% ಕೊಬ್ಬಿನಿಂದಲೇ ಬರುತ್ತದೆ.

ಉದಾಹರಣೆಗೆ, ದಿನಕ್ಕೆ 1000 ಕಿಲೋಕ್ಯಾಲೊರಿ ಬೇಕಾದ ಮಗುವಿಗೆ 4:1 ಅನುಪಾತದಲ್ಲಿ 100 ಗ್ರಾಂ ಕೊಬ್ಬು ಮತ್ತು ಉಳಿದೆರಡೂ ಸೇರಿ 25 ಗ್ರಾಂ ಸಲ್ಲುತ್ತದೆ. ಅದರಲ್ಲಿ ಬೆಳವಣಿಗೆಗೆ ಬೇಕಾದ ಪ್ರೋಟೀನ್ 15 ಗ್ರಾಂ ಎಂದಿಟ್ಟುಕೊಂಡರೆ ಕಾರ್ಬೋಹೈಡ್ರೇಟಿಗೆ ಉಳಿಯುವುದು ಇಡೀ ದಿನಕ್ಕೆ 10 ಗ್ರಾಂ. ಎಮ್ಮೆ ಹಾಲಿನ 150 ಗ್ರಾಂ ಮೊಸರಿನಲ್ಲಿ ಸುಮಾರು 6 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅಂದರೆ ಒಂದು ಬಟ್ಟಲು ಮೊಸರೇ ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚನ್ನು ತೆಗೆದುಕೊಳ್ಳುತ್ತದೆ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 30 ಗ್ರಾಮಿಗೂ ಹೆಚ್ಚು ಕಾರ್ಬೋಹೈಡ್ರೇಟ್ ಇರುವುದರಿಂದ ಅದಕ್ಕೆ ಇಲ್ಲಿ ಸ್ಥಾನವೇ ಇಲ್ಲ.

ಹಾಲಿನ ಪದಾರ್ಥಗಳ ಅಂದಾಜು ಸಂಯೋಜನೆ (100 ಗ್ರಾಮಿಗೆ, ಗ್ರಾಂಗಳಲ್ಲಿ) ಹೀಗಿದೆ. ಹಾಲಿನ ಮೂಲ, ತಳಿ ಮತ್ತು ಮೇವಿಗೆ ಅನುಗುಣವಾಗಿ ಇವು ಬದಲಾಗುತ್ತವೆ.

| ಪದಾರ್ಥ | ಕೊಬ್ಬು | ಪ್ರೋಟೀನ್ | ಲ್ಯಾಕ್ಟೋಸ್ | ಅನುಪಾತ |
|---|---|---|---|---|
| ಹಸುವಿನ ಹಾಲು | 4 | 3.2 | 4.7 | 0.5:1 |
| ಎಮ್ಮೆ ಹಾಲು | 7 | 4 | 5 | 0.8:1 |
| ಎಮ್ಮೆ ಹಾಲಿನ ಮೊಸರು | 7 | 4 | 4 | 0.9:1 |
| ಅರ್ಧ ತೂಕಕ್ಕೆ ಬಸಿದ ಚಕ್ಕಾ | 14 | 7.4 | 3.6 | 1.3:1 |
| 25% ಕೊಬ್ಬಿನ ಕೆನೆ | 25 | 2.5 | 3.5 | 4.2:1 |

## ಹುದುಗುವಿಕೆ ಮತ್ತು ಲ್ಯಾಕ್ಟೋಸ್

ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸುತ್ತವೆ. 1 ಗ್ರಾಂ ಲ್ಯಾಕ್ಟೋಸಿನಿಂದ ಸರಿಸುಮಾರು 1 ಗ್ರಾಂ ಆಮ್ಲ ಉಂಟಾಗುತ್ತದೆ. ಹದವಾದ ಮೊಸರಿನಲ್ಲಿ ಆಮ್ಲದ ಪ್ರಮಾಣ 1%ರ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಸುಮಾರು 5% ಇದ್ದ ಲ್ಯಾಕ್ಟೋಸಿನಲ್ಲಿ ಕರಗಿರುವುದು ಐದನೇ ಒಂದು ಭಾಗದಷ್ಟು ಮಾತ್ರ.

ಮೊಸರನ್ನು 24 ಗಂಟೆ ಹುಳಿಯಲು ಬಿಟ್ಟರೆ ಲ್ಯಾಕ್ಟೋಸ್ ಪೂರ್ಣವಾಗಿ ಇಲ್ಲವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಆಮ್ಲ ಹೆಚ್ಚಿದಂತೆ ಬ್ಯಾಕ್ಟೀರಿಯಗಳ ಚಟುವಟಿಕೆಯೇ ಕುಂಠಿತವಾಗುತ್ತದೆ. ಬಾಯಿಗಿಡಲಾಗದಷ್ಟು ಹುಳಿಯಾದ ಮೊಸರಿನಲ್ಲಿಯೂ ಲ್ಯಾಕ್ಟೋಸಿನ ದೊಡ್ಡ ಪಾಲು ಉಳಿದಿರುತ್ತದೆ. ಹುಳಿ ಎಂಬುದು ಸಕ್ಕರೆ ಕಡಿಮೆಯಾದುದರ ಸೂಚನೆಯೇ ಹೊರತು ಇಲ್ಲವಾದುದರ ಪ್ರಮಾಣವಲ್ಲ.

## ಲ್ಯಾಕ್ಟೋಸ್‌ರಹಿತ ಹಾಲು

ಮಾರುಕಟ್ಟೆಯಲ್ಲಿ ದೊರೆಯುವ ಲ್ಯಾಕ್ಟೋಸ್‌ರಹಿತ ಹಾಲನ್ನು ಸಾಮಾನ್ಯವಾಗಿ ಲ್ಯಾಕ್ಟೇಸ್ ಎಂಬ ಕಿಣ್ವವನ್ನು ಬೆರೆಸಿ ತಯಾರಿಸಲಾಗುತ್ತದೆ. ಈ ಕಿಣ್ವವು ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಹೀಗೆ ಒಡೆದ ಸಕ್ಕರೆಯು ಹಾಲಿನಲ್ಲಿಯೇ ಉಳಿಯುವುದರಿಂದ ಒಟ್ಟು ಕಾರ್ಬೋಹೈಡ್ರೇಟ್ ಕಡಿಮೆಯಾಗುವುದಿಲ್ಲ. ಹಾಲು ತುಸು ಸಿಹಿಯಾಗುತ್ತದೆ. ಆದ್ದರಿಂದ ಲ್ಯಾಕ್ಟೋಸ್ ಅಸಹಿಷ್ಣುತೆ ಇರುವವರಿಗೆ ಉಪಯುಕ್ತವಾದ ಈ ಹಾಲು ಕೀಟೋಜೆನಿಕ್ ಆಹಾರಕ್ರಮದ ಮಗುವಿಗೆ ಸಾಧಾರಣ ಹಾಲಿಗಿಂತ ಹೆಚ್ಚು ಸುರಕ್ಷಿತವಲ್ಲ. ಅದರಿಂದ ಮಾಡಿದ ಮೊಸರಿಗೂ ಇದೇ ಮಾತು ಅನ್ವಯಿಸುತ್ತದೆ.

ಈ ಸಂದರ್ಭದಲ್ಲಿ ಮೂರು ಬೇರೆ ಬೇರೆ ಸಮಸ್ಯೆಗಳನ್ನು ಪ್ರತ್ಯೇಕವಾಗಿ ಗುರುತಿಸುವುದು ಅವಶ್ಯಕ:

* ಲ್ಯಾಕ್ಟೋಸ್ ಅಸಹಿಷ್ಣುತೆ: ಕರುಳಿನಲ್ಲಿ ಲ್ಯಾಕ್ಟೇಸ್ ಕಿಣ್ವದ ಕೊರತೆಯಿಂದ ಹೊಟ್ಟೆಯುಬ್ಬರ, ಭೇದಿ ಉಂಟಾಗುತ್ತವೆ. ಲ್ಯಾಕ್ಟೋಸ್ ಒಡೆದಿದ್ದರೆ ಸಾಕು.
* ಹಾಲಿನ ಪ್ರೋಟೀನಿನ ಅಲರ್ಜಿ: ಇದು ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆ. ಲ್ಯಾಕ್ಟೋಸ್ ತೆಗೆದರೂ ಅಪಾಯ ತಪ್ಪದು.
* ಕೀಟೋಜೆನಿಕ್ ಚಿಕಿತ್ಸೆ: ಇಲ್ಲಿ ಸಕ್ಕರೆ ಯಾವುದೆಂಬುದಕ್ಕಿಂತ ಒಟ್ಟು ಎಷ್ಟೆಂಬುದು ಮುಖ್ಯ.

## ತಯಾರಿಕೆಯ ವಿಧಾನಗಳು

### ಬಸಿದ ಮೊಸರು (ಚಕ್ಕಾ)

ಉತ್ತರ ಕರ್ನಾಟಕ ಹಾಗೂ ಮಹಾರಾಷ್ಟ್ರದಲ್ಲಿ ಶ್ರೀಖಂಡಕ್ಕಾಗಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ಚಕ್ಕಾ ಸಿದ್ಧಪಡಿಸುತ್ತಾರೆ. ಲ್ಯಾಕ್ಟೋಸ್ ನೀರಿನಲ್ಲಿ ಕರಗಿರುವುದರಿಂದ ಬಸಿದ ತಿಳಿನೀರಿನೊಂದಿಗೆ ಅದರ ಒಂದು ಭಾಗ ಹೊರಹೋಗುತ್ತದೆ. ಕೊಬ್ಬು ಮತ್ತು ಬಹುಪಾಲು ಪ್ರೋಟೀನ್ ಬಟ್ಟೆಯಲ್ಲಿ ಉಳಿಯುತ್ತವೆ. 100 ಗ್ರಾಂ ಮೊಸರನ್ನು 50 ಗ್ರಾಂ ಆಗುವವರೆಗೆ ಬಸಿದರೆ ಅದರಲ್ಲಿದ್ದ ಲ್ಯಾಕ್ಟೋಸಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹೋಗಿರುತ್ತದೆ.

ಆದರೆ ಚಕ್ಕಾದಲ್ಲಿ ಉಳಿದ ನೀರಿನಲ್ಲಿ ಲ್ಯಾಕ್ಟೋಸಿನ ಸಾಂದ್ರತೆ ಮೊದಲಿನಷ್ಟೇ ಇರುತ್ತದೆ. ಆದ್ದರಿಂದ 100 ಗ್ರಾಂ ಚಕ್ಕಾ ತಿಂದರೆ ಹೆಚ್ಚುಕಡಿಮೆ 100 ಗ್ರಾಂ ಮೊಸರಿನಲ್ಲಿರುವಷ್ಟು ಲ್ಯಾಕ್ಟೋಸ್ ಒಳಹೋಗುತ್ತದೆ. ಲಾಭವಿರುವುದು ಕೊಬ್ಬಿಗೆ ಹೋಲಿಸಿದ ಅನುಪಾತದಲ್ಲಿ ಮಾತ್ರ. ಇನ್ನಷ್ಟು ತಗ್ಗಿಸಬೇಕಾದರೆ ಚಕ್ಕಾವನ್ನು ಕುದಿಸಿ ಆರಿಸಿದ ತಣ್ಣೀರಿನಲ್ಲಿ ಕದಡಿ ಮತ್ತೊಮ್ಮೆ ಬಸಿಯಬಹುದು. ಕೆಲವು ಬಗೆಯ ಚೀಸ್ ತಯಾರಿಕೆಯಲ್ಲಿಯೂ ಹೀಗೆ ತೊಳೆಯುವ ಕ್ರಮವಿದೆ. ಹುಳಿಮೊಸರಿನ ತಿಳಿನೀರಿನೊಂದಿಗೆ ಕ್ಯಾಲ್ಸಿಯಮ್ ಕೂಡ ನಷ್ಟವಾಗುವುದರಿಂದ, ಆ ಕೊರತೆಯನ್ನು ವೈದ್ಯರು ಸೂಚಿಸುವ ಪೂರಕಗಳಿಂದ ತುಂಬಬೇಕಾಗುತ್ತದೆ.

ಮೇಲಿನ ಕೋಷ್ಟಕದ ಪ್ರಕಾರ 50 ಗ್ರಾಂ ಚಕ್ಕಾದಲ್ಲಿ 7 ಗ್ರಾಂ ಕೊಬ್ಬು, ಪ್ರೋಟೀನ್ ಮತ್ತು ಲ್ಯಾಕ್ಟೋಸ್ ಸೇರಿ 5.5 ಗ್ರಾಂ ಇರುತ್ತದೆ. ಅದನ್ನು 4:1 ಅನುಪಾತಕ್ಕೆ ತರಲು ಒಟ್ಟು 22 ಗ್ರಾಂ ಕೊಬ್ಬು, ಅಂದರೆ ಸುಮಾರು 15 ಗ್ರಾಂ ತುಪ್ಪ ಅಥವಾ ಎಣ್ಣೆಯನ್ನು ಸೇರಿಸಬೇಕು. ತುಪ್ಪವು ತಣ್ಣನೆಯ ಚಕ್ಕಾದಲ್ಲಿ ಗಟ್ಟಿಯಾಗಿ ಗಂಟುಗಟ್ಟುವುದರಿಂದ, ಚಕ್ಕಾವನ್ನು ಕೋಣೆಯ ಉಷ್ಣಾಂಶಕ್ಕೆ ತಂದು ಕರಗಿಸಿದ ತುಪ್ಪವನ್ನು ಸ್ವಲ್ಪಸ್ವಲ್ಪವಾಗಿ ಕಡೆಯುವುದು ಅನುಕೂಲ.

### ಕೆನೆಯ ಮೊಸರು

25% ಕೊಬ್ಬಿನ ಕೆನೆಗೆ ಹೆಪ್ಪು ಹಾಕಿದರೆ ಮೊಸರು ತಾನಾಗಿಯೇ 4:1ರ ಸಮೀಪದ ಅನುಪಾತದಲ್ಲಿರುತ್ತದೆ. ಮನೆಯಲ್ಲಿ ಕಾಯಿಸಿದ ಹಾಲಿನಿಂದ ತೆಗೆದ ಕೆನೆಯ ಕೊಬ್ಬು ಪ್ರತಿದಿನವೂ ಒಂದೇ ಸಮನಾಗಿರುವುದಿಲ್ಲ. ಆದ್ದರಿಂದ ಕೊಬ್ಬಿನ ಪ್ರಮಾಣ ನಮೂದಿಸಿದ ಪೊಟ್ಟಣದ ಕೆನೆಯನ್ನು ಬಳಸಿದರೆ ಲೆಕ್ಕ ನಿಖರವಾಗುತ್ತದೆ. ಕಾಯಿಸಿದ ಕೆನೆ ಉಗುರುಬೆಚ್ಚಗಾದಾಗ ಸ್ವಲ್ಪವೇ ಹೆಪ್ಪು ಬೆರೆಸಿ ಬೆಚ್ಚನೆಯ ಸ್ಥಳದಲ್ಲಿ ಇಡಲಾಗುತ್ತದೆ.

### ತೆಂಗಿನ ಹಾಲಿನ ಮೊಸರು

ತೆಂಗಿನ ಹಾಲಿನಲ್ಲಿ ಲ್ಯಾಕ್ಟೋಸ್ ಇರುವುದಿಲ್ಲ. ಆದರೆ ತೆಂಗಿನದೇ ಆದ ಸಕ್ಕರೆಗಳಿರುತ್ತವೆ. ನೀರು ಬೆರೆಸದೆ ಹಿಂಡಿದ ಮೊದಲ ಹಾಲಿನಲ್ಲಿ ಕೊಬ್ಬು ಹೆಚ್ಚು. ತೆಂಗಿನ ಕೊಬ್ಬಿನಲ್ಲಿ ಮಧ್ಯಮ ಸರಪಣಿಯ ಕೊಬ್ಬಿನಾಮ್ಲಗಳಿರುತ್ತವೆ. ಇಂತಹ ಕೊಬ್ಬಿನಿಂದ ಕೀಟೋನ್‌ಗಳು ಸುಲಭವಾಗಿ ಉತ್ಪತ್ತಿಯಾಗುತ್ತವೆ ಎಂಬ ಆಧಾರದ ಮೇಲೆ 1971ರಲ್ಲಿ ಪೀಟರ್ ಹುಟೆನ್‌ಲೋಕರ್ ಈ ಆಹಾರಕ್ರಮದ ಮತ್ತೊಂದು ರೂಪವನ್ನು ಪರಿಚಯಿಸಿದರು. ಹಾಲಿನ ಅಲರ್ಜಿ ಇರುವ ಮಗುವಿಗೆ ಹಸು ಅಥವಾ ಎಮ್ಮೆ ಹಾಲಿನ ಮೊಸರನ್ನು ಹೆಪ್ಪಾಗಿ ಬಳಸುವಂತಿಲ್ಲ.

## ಪ್ರಾದೇಶಿಕ ಸಂದರ್ಭ

ಗೋಕಾಕ, ಅದರಿಂದ ಬೇರ್ಪಟ್ಟು ರಚನೆಯಾದ ಮೂಡಲಗಿ ಮತ್ತು ಹಿಡಕಲ್ ಜಲಾಶಯವಿರುವ ಹುಕ್ಕೇರಿ ತಾಲೂಕುಗಳು ಘಟಪ್ರಭಾ ನದಿಯ ನೀರಾವರಿಯನ್ನು ಅವಲಂಬಿಸಿವೆ. ಕಬ್ಬು ಮತ್ತು ಹೈನುಗಾರಿಕೆ ಇಲ್ಲಿನ ರೈತ ಕುಟುಂಬಗಳ ಮುಖ್ಯ ಕಸುಬುಗಳು. ಬೆಳಗಾವಿ, ಧಾರವಾಡ ಭಾಗದಲ್ಲಿ ಕಂಡುಬರುವ ಧಾರವಾಡಿ ಎಮ್ಮೆ ನೋಂದಾಯಿತ ತಳಿಯಾಗಿದೆ. ಮನೆಯಲ್ಲಿಯೇ ಎಮ್ಮೆಯ ಹಾಲು, ಕೆನೆ, ಬೆಣ್ಣೆ, ತುಪ್ಪ ಹಾಗೂ ಶೇಂಗಾ ಎಣ್ಣೆ ದೊರೆಯುವುದು ಅಧಿಕ ಕೊಬ್ಬಿನ ಆಹಾರಕ್ಕೆ ಅನುಕೂಲಕರ ಅಂಶ.

ಅದೇ ವೇಳೆ ಜೋಳದ ರೊಟ್ಟಿ, ಬೆಲ್ಲ ಮತ್ತು ಸಿಹಿತಿನಿಸುಗಳ ಆಹಾರಪದ್ಧತಿಯಲ್ಲಿ ಒಂದು ಮಗುವನ್ನು ಮಾತ್ರ ಬೇರೆಯಾಗಿ ಉಣಿಸುವುದು ಕಷ್ಟಕರ. ಗೋಕಾಕದ ಪ್ರಸಿದ್ಧ ತಿನಿಸಾದ ಕರದಂಟಿನಲ್ಲಿ ಬೆಲ್ಲವಿದೆ. ಬೆಳಗಾವಿಯ ಕುಂದಾ ಮತ್ತು ಹಬ್ಬದ ಶ್ರೀಖಂಡದಲ್ಲಿ ಸಕ್ಕರೆಯಿದೆ. ಜಾತ್ರೆಯ ಪ್ರಸಾದವಾಗಿ ಅಥವಾ ನೆಂಟರ ಪ್ರೀತಿಯ ಕೊಡುಗೆಯಾಗಿ ಬಂದ ಒಂದು ತುಣುಕೂ ಕೀಟೋನ್ ಮಟ್ಟವನ್ನು ಇಳಿಸಿ ಸೆಳವು ಮರುಕಳಿಸಲು ಕಾರಣವಾಗಬಹುದು. ಆದ್ದರಿಂದ ಅಜ್ಜ, ಅಜ್ಜಿ, ನೆರೆಹೊರೆಯವರು ಮತ್ತು ಶಾಲೆಯ ಶಿಕ್ಷಕರಿಗೆ ಈ ಚಿಕಿತ್ಸೆಯ ಅರಿವಿರುವುದು ಅಗತ್ಯ. ರಾಜ್ಯದಲ್ಲಿ 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಸರ್ಕಾರಿ ಶಾಲೆಗಳಲ್ಲಿ ನೀಡುವ 150 ಮಿಲಿಲೀಟರ್ ಹಾಲಿನಲ್ಲಿ ಲ್ಯಾಕ್ಟೋಸ್ ಒಂದೇ ಸುಮಾರು 7 ಗ್ರಾಂ ಆಗುತ್ತದೆ. ಈ ಆಹಾರಕ್ರಮದಲ್ಲಿರುವ ಮಗುವಿಗೆ ಆ ಹಾಲಿನಿಂದ ವಿನಾಯಿತಿ ಕೇಳಬೇಕಾಗುತ್ತದೆ.

## ಮುನ್ನೆಚ್ಚರಿಕೆಗಳು

ಕೀಟೋಜೆನಿಕ್ ಆಹಾರಕ್ರಮವು ಮನೆಮದ್ದಲ್ಲ. ಮಕ್ಕಳ ನರರೋಗ ತಜ್ಞರು ಮತ್ತು ಆಹಾರತಜ್ಞರ ಮೇಲ್ವಿಚಾರಣೆಯಿಲ್ಲದೆ ಇದನ್ನು ಆರಂಭಿಸುವುದು ಅಪಾಯಕಾರಿ.

* ಕೊಬ್ಬಿನಾಮ್ಲಗಳನ್ನು ಬಳಸಿಕೊಳ್ಳುವಲ್ಲಿ ಜನ್ಮಜಾತ ದೋಷವಿರುವ ಮಕ್ಕಳು, ಪೈರುವೇಟ್ ಕಾರ್ಬಾಕ್ಸಿಲೇಸ್ ಕೊರತೆ ಅಥವಾ ಪಾರ್ಫೈರಿಯಾ ಇರುವ ಮಕ್ಕಳಿಗೆ ಇದು ನಿಷಿದ್ಧ. ಆರಂಭಕ್ಕೆ ಮುನ್ನ ರಕ್ತ ಮತ್ತು ಮೂತ್ರದ ಪರೀಕ್ಷೆ ಅಗತ್ಯ.
* ಮಲಬದ್ಧತೆ, ವಾಂತಿ, ರಕ್ತದಲ್ಲಿ ಕೊಬ್ಬಿನ ಏರಿಕೆ, ಮೂತ್ರಪಿಂಡದ ಕಲ್ಲು ಮತ್ತು ಬೆಳವಣಿಗೆಯ ಕುಂಠನ ಇದರ ಅಡ್ಡಪರಿಣಾಮಗಳು. ಟೋಪಿರಮೇಟ್ ಔಷಧ ಸೇವಿಸುವ ಮಕ್ಕಳಲ್ಲಿ ಕಲ್ಲು ಮತ್ತು ರಕ್ತದ ಆಮ್ಲತೆಯ ಬಗ್ಗೆ ಹೆಚ್ಚಿನ ನಿಗಾ ಬೇಕು.
* ಮೊಸರು, ಕೆನೆ, ತುಪ್ಪಗಳನ್ನು ಚಮಚ ಅಥವಾ ಬಟ್ಟಲಿನ ಲೆಕ್ಕದಲ್ಲಿ ಅಲ್ಲ, ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಬೇಕು.
* ಕೆಮ್ಮು, ಜ್ವರದ ಅನೇಕ ಸಿರಪ್‌ಗಳಲ್ಲಿ ಸಕ್ಕರೆ ಇರುತ್ತದೆ. ಬೇರೆ ಕಾಯಿಲೆಗೆ ಔಷಧ ಪಡೆಯುವಾಗ ಆಹಾರಕ್ರಮದ ವಿಷಯವನ್ನು ವೈದ್ಯರಿಗೂ ಔಷಧ ಅಂಗಡಿಯವರಿಗೂ ತಿಳಿಸಬೇಕು.
* ಆಹಾರಕ್ರಮ ಫಲ ನೀಡಿದರೂ ಅಪಸ್ಮಾರದ ಔಷಧಗಳನ್ನು ಸ್ವಯಂ ನಿಲ್ಲಿಸಬಾರದು. ಆಹಾರಕ್ರಮವನ್ನು ಕೈಬಿಡುವುದೂ ವೈದ್ಯರ ಸಲಹೆಯಂತೆ ಹಂತಹಂತವಾಗಿ ಆಗಬೇಕು.
* ಹಾಲನ್ನು ಕುದಿಸಿ, ಬಟ್ಟೆ ಮತ್ತು ಪಾತ್ರೆಗಳನ್ನು ಶುಚಿಗೊಳಿಸಿ ಬಳಸಬೇಕು. ಬೇಸಿಗೆಯಲ್ಲಿ ಮೊಸರನ್ನು ಫ್ರಿಜ್ಜಿನೊಳಗೆ ಬಸಿಯುವುದು ಸೂಕ್ತ.

ಸೆಳವು ನಿಯಂತ್ರಣಕ್ಕೆ ಬಂದ ಮಕ್ಕಳಲ್ಲಿ ಈ ಆಹಾರಕ್ರಮವನ್ನು ಸಾಮಾನ್ಯವಾಗಿ ಎರಡು ವರ್ಷಗಳ ಕಾಲ ಮುಂದುವರಿಸಿ, ಅನಂತರ ಕ್ರಮೇಣ ಸಾಧಾರಣ ಆಹಾರಕ್ಕೆ ಮರಳಿಸಲಾಗುತ್ತದೆ.

## ಇವನ್ನೂ ನೋಡಿ

* ಅಪಸ್ಮಾರ
* ಲ್ಯಾಕ್ಟೋಸ್ ಅಸಹಿಷ್ಣುತೆ
* ಮೊಸರು
* ಶ್ರೀಖಂಡ
* ಬೆಳಗಾವಿ ಜಿಲ್ಲೆ