ತರಂಗಂಬಾಡಿ ಎಂಬ ಹೆಸರು

ತಮಿಳುನಾಡಿನ ಪೂರ್ವತೀರದಲ್ಲಿ, ಮಯಿಲಾಡುತುರೈ ಜಿಲ್ಲೆಗೆ ಸೇರಿದ ತರಂಗಂಬಾಡಿಯ ಹೆಸರಿಗೆ 'ಅಲೆಗಳು ಹಾಡುವ ಊರು' ಎಂದು ಅರ್ಥ ಹೇಳುವುದು ವಾಡಿಕೆಯಾಗಿದೆ. ಅಲ್ಲಿಗೆ ಹೋಗುವ ಪ್ರವಾಸಿಗಳಿಗೆಲ್ಲ ಇದನ್ನೇ ಹೇಳುವರು. ಕಿವಿಗೆ ಇಂಪಾದ ಈ ನಿರ್ವಚನವು ಶಾಸನದ ಸಾಕ್ಷ್ಯದೆದುರಿಗೆ ನಿಲ್ಲಲಾರದೆಂಬುದೇ ಇಲ್ಲಿಯ ವಿಷಯ.

1792ರಲ್ಲಿ ಕಟ್ಟಿದ ಊರಬಾಗಿಲನ್ನು ಹೊಕ್ಕು, ರಾಜಬೀದಿಯ ಎರಡು ಇಗರ್ಜಿಗಳನ್ನು ದಾಟಿ ಪೂರ್ವಕ್ಕೆ ನಡೆದರೆ ಮರಳದಂಡೆಯು ಎದುರಾಗುವುದು. ಬಲಕ್ಕೆ ಡಾನ್ಸ್‌ಬೋರ್ಗ್ ಕೋಟೆ. ಎಡಕ್ಕೆ, ನೀರಿನ ಅಂಚಿನಲ್ಲಿಯೇ, ಮಾಸಿಲಾಮಣಿನಾಥನ ಗುಡಿ. ಕೋಟೆಯು ತಂಜಾವೂರಿನ ರಘುನಾಥನಾಯಕನೊಡನೆ 1620ರಲ್ಲಿ ಆದ ಒಪ್ಪಂದದ ಮೇರೆಗೆ ಡೇನರು ಕಟ್ಟಿದ್ದು. ನಡುವೆ ಕೆಲವು ವರ್ಷಗಳನ್ನು ಬಿಟ್ಟರೆ, 1845ರಲ್ಲಿ ಇಂಗ್ಲಿಷರಿಗೆ ವಿಕ್ರಯವಾಗುವವರೆಗೂ ಊರು ಅವರ ವಶದಲ್ಲಿದ್ದಿತು. 1706ರಲ್ಲಿ ಇಲ್ಲಿಗೆ ಬಂದ ಜೀಗನ್‌ಬಾಲ್ಗನು ನಡೆಸಿದ ತಮಿಳು ಮುದ್ರಣದ ಕಾರ್ಯವು ಪ್ರಸಿದ್ಧವಾಗಿಯೇ ಇದೆ. ಪ್ರವಾಸಿಗಳು ಕೋಟೆಯನ್ನೂ ಅಲ್ಲಿಯ ವಸ್ತುಸಂಗ್ರಹಾಲಯವನ್ನೂ ನೋಡಿ ಹಿಂದಿರುಗುವರು. ನಮಗೆ ಬೇಕಾದುದು ಎಡಗಡೆಯ ಗುಡಿ. ('ಮಾಸಿಲ್ಲದ ಮಣಿ'ಯೆಂಬ ಆ ದೇವರ ಹೆಸರನ್ನು ತಿಳಿಯಲು ಕನ್ನಡಿಗನಿಗೆ ನಿಘಂಟು ಬೇಕಿಲ್ಲ.)

ಆ ಗುಡಿಯಲ್ಲಿ ಮಾರವರ್ಮ ಕುಲಶೇಖರ ಪಾಂಡ್ಯನ ಕಾಲದ, ಎಂದರೆ 1305ರ ಸುಮಾರಿನ, ಶಾಸನವಿದೆ. ಅದರಲ್ಲಿ ಈ ಊರಿನ ಹೆಸರು 'ಸಡಂಗನ್‌ಪಾಡಿ'. ಕುಲಶೇಖರನ್‌ಪಟ್ಟಿನಂ ಎಂದು ಮತ್ತೊಂದು ಹೆಸರು. ತರಂಗದ ಸುಳಿವೇ ಇಲ್ಲ. ಉತ್ತರಪದವಾದ 'ಪಾಡಿ'ಯು ಹಾಡುವುದನ್ನು ಹೇಳುವ ಕ್ರಿಯಾಪದವೂ ಅಲ್ಲ. ಅದು ಬೀಡು, ಊರು, ನಾಡು ಎಂಬರ್ಥದ ನಾಮಪದ. ನಮ್ಮ ಗಂಗವಾಡಿ, ನೊಳಂಬವಾಡಿಗಳನ್ನು ಚೋಳರ ಶಾಸನಗಳು ಗಂಗಪಾಡಿ, ನುಳಂಬಪಾಡಿ ಎನ್ನುವುದನ್ನು ನೆನೆದರೆ ಸಂದೇಹವುಳಿಯದು. ಗಂಗಪಾಡಿಯೆಂದರೆ ಗಂಗರು ಹಾಡಿದರೆಂದು ಯಾರೂ ಅರ್ಥಮಾಡುವುದಿಲ್ಲವಷ್ಟೆ! ಕನ್ನಡದಲ್ಲಿಯೂ ಪಕಾರವು ಹಕಾರವಾದ ಮೇಲೆ ಇದೇ ತೊಡಕುಂಟು: ಕಾಡಿನವರ 'ಹಾಡಿ' ಬೇರೆ, 'ಹಾಡಿ ಮುಗಿಸಿದನು' ಎಂಬಲ್ಲಿಯ 'ಹಾಡಿ' ಬೇರೆ.

ಹಾಗಾದರೆ 'ತರಂಗ'ವು ಬಂದುದೆಲ್ಲಿಂದ? ಡೇನರು ಊರನ್ನು 'ತ್ರಾಂಕೆಬಾರ್' ಎಂದು ಕರೆದುದರಿಂದ, ಅವರು ಬರುವ ವೇಳೆಗೆ ಹೊಸ ರೂಪವು ರೂಢಿಗೆ ಬಂದಿದ್ದಿರಬೇಕು. ಶಾಸನಕ್ಕೂ ಕೋಟೆಗೂ ನಡುವಣ ಮುನ್ನೂರು ವರ್ಷಗಳಲ್ಲಿ, ಅರ್ಥ ಮಸುಕಾದ 'ಸಡಂಗನ್' ಎಂಬುದರ ಸ್ಥಾನದಲ್ಲಿ, ಧ್ವನಿಗೆ ಹತ್ತಿರವಾಗಿ ಕಡಲಿಗೂ ಒಪ್ಪುವ ಸಂಸ್ಕೃತಶಬ್ದವು ನೆಲೆಗೊಂಡಿತೆಂದು ನನ್ನ ಊಹೆ. ಇದು ನಮ್ಮಂತಹ ಸಂಸ್ಕೃತಾಭ್ಯಾಸಿಗಳ ಕೈವಾಡವೇ ಆಗಿರಬಹುದು. 'ಸಡಂಗನ್' ಎಂಬುದನ್ನು ಕಂಡೊಡನೆ ವೇದದ ಷಡಂಗಗಳನ್ನು ತಂದು, ಷಡಂಗವಿದನ ಊರೆಂದು ಬಿಡಿಸುವ ಆಸೆ ನನಗೂ ಆಯಿತು. ಆದರೆ ಪ್ರಮಾಣಾಂತರವಿಲ್ಲದೆ ಹಾಗೆ ಹೇಳುವುದು ತರಂಗದ ತಪ್ಪನ್ನೇ ಮತ್ತೊಮ್ಮೆ ಮಾಡಿದಂತೆ.

ಗುಡಿಯ ಬಹುಭಾಗವನ್ನು ಕಡಲು ಈಗಾಗಲೇ ಕೊಚ್ಚಿಕೊಂಡು ಹೋಗಿದೆ. ಉಳಿದುದರ ರಕ್ಷಣೆಗಾಗಿ ಬಂಡೆಗಳನ್ನು ರಾಶಿಹಾಕಿದ್ದಾರೆ. ಆದುದರಿಂದ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಉಪಾಧ್ಯಾಯರು ಕೋಟೆಗಿಂತ ಮೊದಲು ಗುಡಿಯನ್ನು ತೋರಿಸುವುದೊಳ್ಳೆಯದು.