ಹಳೇ ನಂಬರು, ಹೊಸ ನಂಬರು

ಚೆನ್ನೈಯಲ್ಲಿ ಮನೆ ಹುಡುಕಿ ಅಲೆದವರಿಗೆ ಗೇಟಿನ ಮೇಲಿನ ಎರಡು ಸಂಖ್ಯೆಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಳೇ ನಂಬರು ಇಷ್ಟು, ಹೊಸ ನಂಬರು ಇಷ್ಟು ಎಂದು ಒಂದರ ಪಕ್ಕದಲ್ಲೊಂದನ್ನು ಬರೆದಿರುತ್ತಾರೆ. ಊರಿನಿಂದ ಬಂದ ನೆಂಟರಿಷ್ಟರು ಇದನ್ನು ಕಂಡು ನಗುವುದುಂಟು. ಆದರೆ ಹಳೆಯದೊಂದು ಲಗ್ನಪತ್ರಿಕೆಯಲ್ಲಿನ ವಿಳಾಸವನ್ನು ಹಿಡಿದು ಬಂದವರೂ ದಾರಿ ತಪ್ಪದೆ ಬಾಗಿಲಿಗೆ ಬರುವುದು ಈ ಎರಡು ಸಂಖ್ಯೆಗಳ ದೆಸೆಯಿಂದಲೇ.

ಅಂಚೆ ಇಲಾಖೆಯವರು ತೋರಿದ ಜಾಣ್ಮೆಯೂ ಇಂಥದೇ. 1972ರ ಆಗಸ್ಟ್ 15ರಂದು ಪಿನ್ ಕೋಡು ಜಾರಿಗೆ ಬಂದಾಗ ‘ಮದರಾಸು-17’ ಎಂಬುದು 600 017 ಆಯಿತು. ‘ಬೆಂಗಳೂರು-4’ ಎಂಬುದು 560 004 ಆಯಿತು. ಹಳೆಯ ಸಂಖ್ಯೆಯನ್ನು ಎಸೆಯದೆ ಹೊಸದರ ಕೊನೆಯಲ್ಲಿ ಕೂರಿಸಿದರು. ಆದಕಾರಣ ನಮ್ಮ ಹಿರಿಯರ ಪೆಟ್ಟಿಗೆಯಲ್ಲಿರುವ ಕಾರ್ಡನ್ನು ಇಂದು ತೆಗೆದು ಓದಿದರೂ ಅದು ಯಾವ ಬಡಾವಣೆಯದೆಂದು ಹೇಳಬಹುದು.

ಇದನ್ನೆಲ್ಲ ಈಗ ಎತ್ತಿದ್ದೇಕೆಂದರೆ, ಅಂತರ್ಜಾಲದಲ್ಲಿ ಕನ್ನಡದ ಪುಸ್ತಕಗಳಿಗೆ ಈ ಭಾಗ್ಯ ಎಲ್ಲ ಕಡೆಯೂ ಒದಗಲಿಲ್ಲ. ಅಚ್ಚು ಮುಗಿದುಹೋದ ಪುಸ್ತಕವೊಂದರ ವಿಳಾಸ ಎಲ್ಲಿಯೋ ಸಿಗುತ್ತದೆ. ಒತ್ತಿದರೆ ‘404, ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ, ಇಲ್ಲವೇ ಉತ್ತರವೇ ಬರುವುದಿಲ್ಲ. ಕನ್ನಡ ಪುಸ್ತಕದಂಗಡಿ ಕೂಗಳತೆಯಲ್ಲಿಲ್ಲದ ನಮ್ಮಂಥ ಹೊರನಾಡ ಕುಟುಂಬಗಳಲ್ಲಿ ಮಕ್ಕಳು ಅಲ್ಲಿಗೇ ಕೈಚೆಲ್ಲುತ್ತಾರೆ. ಪುಸ್ತಕವೇ ಹೋಯಿತೆಂದು ತಿಳಿಯುತ್ತಾರೆ. ಎಷ್ಟೋ ವೇಳೆ ಪುಸ್ತಕ ಎಲ್ಲಿಯೂ ಹೋಗಿರುವುದಿಲ್ಲ, ಮನೆ ಬದಲಾಯಿಸಿರುತ್ತದೆ, ಅಷ್ಟೆ.

ಇದಕ್ಕೆ ದೊಡ್ಡ ನಿದರ್ಶನ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ. ನಮ್ಮ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1958ರಲ್ಲಿ ಪದವಿ ಪಡೆದ ರಾಜ್ ರೆಡ್ಡಿಯವರು ಮುಂದೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1994ರ ಟ್ಯೂರಿಂಗ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಹತ್ತು ಲಕ್ಷ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಬೇಕೆಂಬ ಯೋಜನೆಯ ಮುಂದಾಳುಗಳಲ್ಲಿ ಅವರೊಬ್ಬರು. ಭಾರತದಲ್ಲಿ ಆ ಕೆಲಸಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹೆಗಲು ಕೊಟ್ಟಿತು. ಹಳೆಯ ಗ್ರಂಥಾಲಯಗಳ ಕಪಾಟುಗಳಿಂದ ಕನ್ನಡದ ಸಹಸ್ರಾರು ಪುಸ್ತಕಗಳು ಹೊರಬಂದು, ಪುಟಕ್ಕೊಂದು ಚಿತ್ರವಾಗಿ, ಯಾರು ಬೇಕಾದರೂ ನೋಡುವಂತಾದವು.

ಆದರೆ ಆ ಭಂಡಾರಕ್ಕೆ ಬಾಗಿಲು ಒಂದಲ್ಲ, ಹಲವು. ಬೆಂಗಳೂರಿನದೊಂದು, ಹೈದರಾಬಾದಿನದೊಂದು, ಮುಂದೆ ‘ಹೊಸದು’ ಎಂಬ ಅಂಕಿತದಿಂದ ಇನ್ನೊಂದು. ಓದುಗರು ತಮಗೆ ಕಂಡ ಬಾಗಿಲಿನ ವಿಳಾಸವನ್ನು ತಮ್ಮ ಲೇಖನಗಳಲ್ಲಿ, ಪ್ರಬಂಧಗಳಲ್ಲಿ, ವಿಕಿಪೀಡಿಯದ ಉಲ್ಲೇಖಗಳಲ್ಲಿ ಬರೆದಿಟ್ಟರು. 2017ರ ಹೊತ್ತಿಗೆ ಕೃತಿಸ್ವಾಮ್ಯದ ತಕರಾರುಗಳ ನಡುವೆ ಆ ಬಾಗಿಲುಗಳು ಮುಚ್ಚಿದವು. ಬರೆದಿಟ್ಟ ವಿಳಾಸಗಳೆಲ್ಲ ಒಮ್ಮೆಗೇ ಸುಳ್ಳಾದವು.

ಅಷ್ಟರಲ್ಲೇ ಕಾರ್ಲ್ ಮಾಲಮುಡ್ ಎಂಬವರ ಪಬ್ಲಿಕ್ ರಿಸೋರ್ಸ್ ಸಂಸ್ಥೆಯವರು ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಪ್ರತಿಯನ್ನು ಇಂಟರ್‌ನೆಟ್ ಆರ್ಕೈವ್‌ಗೆ ಸಾಗಿಸಿದ್ದರು. ನಮ್ಮ ಮದರಾಸು ಚೆನ್ನೈ ಎಂದು ಹೆಸರಾದ 1996ರಲ್ಲೇ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಸಂಸ್ಥೆ ಅದು. ಸಾಗಿಸಿದವರು ಒಂದು ಉಪಕಾರ ಮಾಡಿದರು. ಪ್ರತಿ ಪುಸ್ತಕದ ಹೊಸ ಹೆಸರಿನೊಳಗೆ ಹಳೆಯ ಮನೆಯ ಹೆಸರನ್ನು ತಿರುವುಮುರುವಾಗಿ ಸೇರಿಸಿದರು: ‘ಇನ್, ಎರ್ನೆಟ್, ಡಿಎಲ್ಐ, 2015’, ಅದರ ಮುಂದೆ ಪುಸ್ತಕದ ಹಳೆಯ ಕ್ರಮಸಂಖ್ಯೆ. ಪಿನ್ ಕೋಡಿನ ಕೊನೆಯ ಅಂಕಿಗಳಂತೆಯೇ ಇದೂ.

ಇನ್ನು ಹುಡುಕುವ ಬಗೆ. ಸತ್ತ ವಿಳಾಸವೊಂದು ಕೈಗೆ ಬಂದರೆ ಅದನ್ನು ಒರೆಸಿಹಾಕದೆ ಮೊದಲು ನಿಧಾನವಾಗಿ ಓದಬೇಕು. ಮೊದಲ ಭಾಗ ಬೀದಿ ಇದ್ದಂತೆ. ಓರೆಗೆರೆಯ ಆಚೆಗಿನದು ಮನೆ ನಂಬರು. ಬೀದಿ ಹೋಗಿದ್ದರೂ ನಂಬರು ಉಪಯೋಗಕ್ಕೆ ಬರುತ್ತದೆ. ಭಂಡಾರದ ಕೊನೆಗಾಲದ ವಿಳಾಸಗಳಲ್ಲಿ ‘2015’ ಎಂದಾದ ಮೇಲೆ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಮೇಲೆ ಹೇಳಿದ ಹೊಸ ಹೆಸರಿನ ತುದಿಗೆ, ನಡುನಡುವೆ ಚುಕ್ಕಿಗಳನ್ನಿಟ್ಟು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಆರ್ಕೈವ್‌ನಲ್ಲಿ ಹುಡುಕಬೇಕು. ಹಳೆಯ ವಿಳಾಸದಲ್ಲಿ ಉದ್ದನೆಯ ಬಾರ್‌ಕೋಡ್ ಸಂಖ್ಯೆ ಮಾತ್ರ ಇದ್ದರೆ ಅದನ್ನೇ ಹುಡುಕಿ ನೋಡಬಹುದು.

ಸಂಖ್ಯೆಯೇ ಇಲ್ಲದಿದ್ದರೆ ಪುಸ್ತಕದ ಹೆಸರೇ ಗತಿ. ಇಲ್ಲಿ ತಾಳ್ಮೆ ಬೇಕು. ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಏರಿಸಿದವರು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದಿದ್ದಾರೆ. ದೀರ್ಘಕ್ಕೆ ಒಂದು ‘ಎ’ ಹಾಕಿದವರುಂಟು, ಎರಡು ಹಾಕಿದವರುಂಟು. ‘ಶ’ಕಾರಕ್ಕೆ ‘ಎಚ್’ ಬಿಟ್ಟವರೂ ಉಂಟು. ಮೂರು ನಾಲ್ಕು ಬಗೆಯಲ್ಲಿ ಬರೆದು ನೋಡಿದರೆ ಸಿಕ್ಕೀತು. ‘ಸಂಚಯ’ ಎಂಬ ಕನ್ನಡ ಸ್ವಯಂಸೇವಕರ ಬಳಗದವರು ಈ ಭಂಡಾರದ ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯದ ಕನ್ನಡ ಪುಸ್ತಕಗಳನ್ನು ಕನ್ನಡ ಲಿಪಿಯಲ್ಲೇ ಹುಡುಕುವಂತೆ ಪಟ್ಟಿ ಮಾಡಿದ್ದು ಈ ಕಷ್ಟವನ್ನು ಕಂಡೇ. ಪುಸ್ತಕವಲ್ಲದ ಬರಿಯ ಪುಟಗಳಾದರೆ ಅದೇ ಆರ್ಕೈವ್‌ನವರ ‘ವೇಬ್ಯಾಕ್ ಮೆಷಿನ್’ನಲ್ಲಿ ಹಳೆಯ ವಿಳಾಸವನ್ನು ಪೂರ್ತಿಯಾಗಿ ಕೊಟ್ಟು ನೋಡಬೇಕು. ಎಂದೋ ತೆಗೆದಿಟ್ಟ ಪ್ರತಿ ಅಲ್ಲಿರುವ ಸಂಭವವುಂಟು.

ಇದು ಓದುವವರ ಪಾಡಾಯಿತು. ಇಡುವವರ ಹೊಣೆ ಇದಕ್ಕಿಂತ ದೊಡ್ಡದು. ಇಂದು ಹೊರನಾಡ ಕನ್ನಡ ಸಂಘಗಳ ಹಳೆಯ ಸಂಚಿಕೆಗಳು, ಸದಸ್ಯರಿಗೆ ಮಿಂಚಂಚೆಯಲ್ಲಿ ಕಳುಹಿಸಿದ ಸುತ್ತೋಲೆಗಳು, ನಾಟಕದ ಫೋಟೋಗಳು ಎಲ್ಲವೂ ಯಾವುದೋ ಬಾಡಿಗೆ ಸರ್ವರಿನಲ್ಲಿರುತ್ತವೆ. ಬಾಡಿಗೆ ಹೆಚ್ಚಿತೆಂದು ಒಂದು ದಿನ ಗಂಟುಮೂಟೆ ಕಟ್ಟಬೇಕಾಗುತ್ತದೆ. ಸಾಮಾನೆಲ್ಲ ಬಂದಿತೆಂದು ಕಾರ್ಯದರ್ಶಿಗಳು ನಿಟ್ಟುಸಿರು ಬಿಡುವಷ್ಟರಲ್ಲಿ, ಹೊಸ ಮನೆಯ ಕಡತವನ್ನು ತೆರೆದವರನ್ನು ಅದು ಹಳೆಯ ಮನೆಗೇ ಕಳುಹಿಸತೊಡಗುತ್ತದೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆಯಂತಾಗುತ್ತದೆ.

ತಪ್ಪು ಅಡಗಿರುವ ಸ್ಥಳಗಳು ಸಾಮಾನ್ಯವಾಗಿ ಮೂರು. ಮೊದಲನೆಯದು ಹೆಸರಿನ ನೋಂದಣಿ. ಸಂಘದ ತಾಣದ ಹೆಸರು ಯಾವ ಸರ್ವರನ್ನು ತೋರಿಸಬೇಕೆಂಬುದು ಅಲ್ಲಿ ದಾಖಲಾಗಿರುತ್ತದೆ. ಅದನ್ನು ಬದಲಾಯಿಸಿದ ಸುದ್ದಿ ಎಲ್ಲೆಡೆ ಹರಡಲು ಒಂದೆರಡು ದಿನ ಹಿಡಿಯಬಹುದು. ಎರಡನೆಯದು ಕಡತವನ್ನು ನೋಡಿಕೊಳ್ಳುವ ತಂತ್ರಾಂಶದ ಒಳಗಿನ ಗುರುತು. ಮುಖ್ಯ ಕಡತದಲ್ಲಿ ಹೊಸ ವಿಳಾಸ ಬರೆದರೆ ಮುಂದೆ ಹುಟ್ಟುವ ವಿಭಾಗಗಳಿಗೆ ಮಾತ್ರ ಅದು ಅನ್ವಯಿಸುವುದುಂಟು. ಹಳೆಯ ವಿಭಾಗಗಳು ತಾವು ಹುಟ್ಟಿದ ದಿನದ ವಿಳಾಸವನ್ನೇ ಹಿಡಿದು ಕುಳಿತಿರುತ್ತವೆ. ಅವನ್ನು ಒಂದೊಂದಾಗಿ ತಿದ್ದಬೇಕು. ಮೂರನೆಯದು, ಎಂದೋ ತಯಾರಾದ ಪುಟಗಳ ಒಳಗೇ ಬರೆದಿರುವ ಪೂರ್ತಿ ವಿಳಾಸ. ಇದು ಗುರುತನ್ನು ತಿದ್ದಿದರೂ ಹೋಗದು. ಪುಟಗಳನ್ನೇ ತಿದ್ದಬೇಕು, ಇಲ್ಲವೇ ಹೊಸದಾಗಿ ಕಟ್ಟಬೇಕು.

ಹೊಸದಾಗಿ ಕಟ್ಟುವಾಗ ಒಂದು ಎಚ್ಚರಿಕೆ. ಕೆಲವು ತಂತ್ರಾಂಶಗಳು ಮೊದಲಿನಿಂದ ಮತ್ತೆ ಎಣಿಸಿ ಕ್ರಮಸಂಖ್ಯೆಗಳನ್ನು ಬದಲಾಯಿಸಿಬಿಡುತ್ತವೆ. ಆಗ ರಾಜ್ಯೋತ್ಸವದ ಸುತ್ತೋಲೆಯ ವಿಳಾಸ ಒತ್ತಿದವರಿಗೆ ಶ್ರದ್ಧಾಂಜಲಿಯ ಸುತ್ತೋಲೆ ತೆರೆದೀತು. ಏನೂ ಸಿಗದಿರುವುದಕ್ಕಿಂತ ಇದು ಕೆಟ್ಟದ್ದು. ಆದ್ದರಿಂದ ಕೈಹಚ್ಚುವ ಮುನ್ನ ಇಡೀ ಕಡತದ ನಕಲೊಂದನ್ನು ಬೇರೆಡೆ ಇಟ್ಟಿರಬೇಕು.

ಕಡೆಯದಾಗಿ ಹಳೆಯ ಬಾಗಿಲಿನಲ್ಲಿ ಒಂದು ಚೀಟಿ ಅಂಟಿಸಬೇಕು. ಅಂತರ್ಜಾಲದಲ್ಲಿ ಅದಕ್ಕೆ 301 ಎಂಬ ಸಂಖ್ಯೆ; ‘ಕಾಯಮ್ಮಾಗಿ ಇಂಥಲ್ಲಿಗೆ ಹೋಗಿದ್ದೇವೆ’ ಎಂದು ಅದರ ಅರ್ಥ. ಬಂದವರನ್ನು ಅದು ತಾನಾಗಿ ಹೊಸ ಮನೆಗೆ ತಲಪಿಸುತ್ತದೆ. ಇದು ನಡೆಯಬೇಕಾದರೆ ಹಳೆಯ ಹೆಸರು ನಮ್ಮ ಕೈಯಲ್ಲೇ ಇರಬೇಕು. ಬೇಡವಾಯಿತೆಂದು ವಾರ್ಷಿಕ ಶುಲ್ಕ ನಿಲ್ಲಿಸಿದರೆ ಮತ್ತಾರೋ ಆ ಹೆಸರನ್ನು ಕೊಂಡು, ಸಂಘದ ಬಾಗಿಲಿನಲ್ಲಿ ಜೂಜಿನ ಜಾಹೀರಾತು ಹಚ್ಚಿಯಾರು. ಅಂತರ್ಜಾಲದ ಪುಟಪದ್ಧತಿಯನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀಯವರು ಒಳ್ಳೆಯ ವಿಳಾಸ ಬದಲಾಗಬಾರದೆಂದು 1998ರಲ್ಲೇ ಒಂದು ಟಿಪ್ಪಣಿ ಬರೆದಿದ್ದರು. ಬದಲಾಯಿಸದೆ ಗತ್ಯಂತರವಿಲ್ಲದಾಗ ಚೀಟಿಯನ್ನಾದರೂ ಬಿಡುವುದು ಸೌಜನ್ಯ.

ವಿಳಾಸ ಕೆಟ್ಟ ಮಾತ್ರಕ್ಕೆ ವಸ್ತು ಹಾಳಾಗದು, ನಿಜ. ಆದರೆ ತಲಪುವ ದಾರಿ ಯಾರಿಗೂ ತಿಳಿಯದ ವಸ್ತು ಇದ್ದೂ ಇಲ್ಲದಂತೆಯೇ. ಮನೆಯಲ್ಲಿ ಕಂಪ್ಯೂಟರು ಬಲ್ಲ ಹುಡುಗ ಹುಡುಗಿಯರಿದ್ದರೆ ಈ ರಜೆಯಲ್ಲಿ ಅವರಿಗೊಂದು ಕೆಲಸ ಹೇಳಿರಿ. ನೀವು ಗುರುತು ಹಾಕಿಟ್ಟುಕೊಂಡಿರುವ ಕನ್ನಡ ಪುಸ್ತಕಗಳ ವಿಳಾಸಗಳಲ್ಲಿ ಹತ್ತನ್ನು ಒತ್ತಿ ನೋಡಲಿ. ಸತ್ತವುಗಳ ಎದುರಿಗೆ ಹೊಸ ವಿಳಾಸವನ್ನು ಬರೆಯಲಿ. ಹಳೆಯದನ್ನು ಹೊಡೆದುಹಾಕದೆ ಅದರ ಪಕ್ಕದಲ್ಲೇ ಬರೆಯಲಿ.